ವಾಂತಿ-ಭೇದಿ ರೋಗಿಯ ಕೋಣೆ: ಒರೆಸುವುದು ಎಲ್ಲಿ, ಹೇಗೆ

ಆಸ್ಪತ್ರೆಯ ನೆಲವನ್ನು ದಿನವೂ ಒರೆಸುತ್ತಾರೆ. ಮಂಚದ ಪಕ್ಕದ ಕಂಬಿಯತ್ತ ಮಾತ್ರ ಬಟ್ಟೆ ಹೋಗುವುದು ಕಡಿಮೆ. ಆದರೆ ರೋಗಿ ಶೌಚಾಲಯದಿಂದ ಬಂದು ಹಿಡಿಯುವುದು ಆ ಕಂಬಿಯನ್ನೇ. ರೋಗಿಯ ಜೊತೆಗಿದ್ದು ನೋಡಿಕೊಳ್ಳುವ ಬೈಸ್ಟಾಂಡರ್ ಅದಕ್ಕೇ ಕೈಯೂರಿ ರೋಗಿಯನ್ನು ಎಬ್ಬಿಸಿ ಕೂರಿಸಿ, ಅದೇ ಕೈಯಲ್ಲಿ ಗಂಜಿ ಬಡಿಸುತ್ತಾರೆ. ಕಾಸರಗೋಡಿನ ಕಡೆ ಬೈಸ್ಟಾಂಡರ್ ಇಲ್ಲದ ರೋಗಿ ಅಪರೂಪವಾದ್ದರಿಂದ ರೋಗಾಣುವಿಗೆ ಈ ದಾರಿ ಸದಾ ತೆರೆದೇ ಇರುತ್ತದೆ.

ಹಾಗಾಗಿ ಕೈ ತಾಗುವ ಜಾಗಗಳೇ ಮೊದಲು: ಕಂಬಿ, ಲಾಕರಿನ ಹಿಡಿ, ಕಾಲಿಂಗ್ ಬೆಲ್, ಸ್ವಿಚ್, ಡ್ರಿಪ್ ಸ್ಟ್ಯಾಂಡ್, ಚಿಲಕ. ಕೊನೆಗೆ ಶೌಚಾಲಯದ ನಲ್ಲಿ, ಫ್ಲಶ್. ಈ ಕ್ರಮ ತಿರುಗಿಸಬೇಡಿ. ಶೌಚಾಲಯ ಒರೆಸಿದ ಬಟ್ಟೆ ಮಂಚಕ್ಕೆ ಬರಬಾರದು. ಮೊಬೈಲ್ ತೆಳು ಪ್ಲಾಸ್ಟಿಕ್ ಕವರಿನಲ್ಲಿರಲಿ, ಕವರ್ ದಿನಾ ಬದಲಿಸಿ.

ಫಿನಾಯಿಲ್ ವಾಸನೆ ಬಂದರೆ ಚೊಕ್ಕವಾಯಿತೆಂದು ನಂಬುವವರು ಬಹಳ. ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಭೇದಿ ಬ್ಯಾಕ್ಟೀರಿಯಾದ ಬೀಜಕಗಳು (ಗಟ್ಟಿ ಕವಚದೊಳಗೆ ಸುಪ್ತವಾಗಿರುವ ರೂಪ) ಒಣ ಜಾಗದಲ್ಲೂ ತಿಂಗಳುಗಟ್ಟಲೆ ಬದುಕುತ್ತವೆ, ಸ್ಯಾನಿಟೈಸರಿಗೂ ಜಗ್ಗುವುದಿಲ್ಲ. ಅಲ್ಲಿ ಬೇಕಾದದ್ದು ಕ್ಲೋರಿನ್. ಕೈಗಾದರೆ ಸೋಪು, ನೀರು.

5% ಸೋಡಿಯಂ ಹೈಪೋಕ್ಲೋರೈಟ್ (ದ್ರವ ಬ್ಲೀಚ್) ಬಾಟಲಿಯಾದರೆ 100 ಮಿ.ಲೀ.ಗೆ 900 ಮಿ.ಲೀ. ತಣ್ಣೀರು ಸೇರಿಸಿದರೆ 0.5% ದ್ರಾವಣ. 30% ಕ್ಲೋರಿನ್ ಇರುವ ಬ್ಲೀಚಿಂಗ್ ಪೌಡರ್ ಆದರೆ ಲೀಟರಿಗೆ ಸುಮಾರು 17 ಗ್ರಾಂ. ಪ್ಲಾಸ್ಟಿಕ್ ಬಕೆಟಿನಲ್ಲೇ ಕಲಸಿ, ಮುಚ್ಚಿಡಿ. ಬಿಸಿಲು, ಸೆಕೆಗೆ ಕ್ಲೋರಿನ್ ಇಳಿಯುವುದರಿಂದ ನಿನ್ನೆಯದನ್ನು ಬಳಸಬೇಡಿ. ಹಾರ್ಪಿಕ್‌ನಂಥ ಆಸಿಡ್ ಇರುವ ಕ್ಲೀನರ್ ಜೊತೆ ಅಪ್ಪಿತಪ್ಪಿಯೂ ಬೆರೆಸಬಾರದು, ವಿಷಾನಿಲ ಏಳುತ್ತದೆ.

ವಾಂತಿ ಬಿದ್ದಲ್ಲಿ ನೇರ ಬ್ಲೀಚ್ ಸುರಿಯುವುದು ದಂಡ. ಕೊಳೆಯೇ ಕ್ಲೋರಿನ್ನನ್ನು ತಿಂದುಬಿಡುತ್ತದೆ. ಗ್ಲೌಸ್, ಮಾಸ್ಕ್ ಹಾಕಿ, ಹಳೆ ಬಟ್ಟೆಯಿಂದ ಒತ್ತಿ ತೆಗೆದು ಕವರಿಗೆ ಹಾಕಿ, ಸೋಪುನೀರಿನಲ್ಲಿ ಒರೆಸಿ, ಆಮೇಲೆ ಬ್ಲೀಚ್. ಹನಿಗಳು ದೂರಕ್ಕೆ ಸಿಡಿದಿರುತ್ತವೆ, ಕಲೆಯ ಸುತ್ತ ಎರಡು ಮೀಟರ್‌ವರೆಗೂ ಒರೆಸಿ. ಪೊರಕೆ ಬೇಡ.

ಬ್ಲೀಚ್ ಒರೆಸಿದ ಜಾಗ ಹತ್ತು ನಿಮಿಷ ಒದ್ದೆಯಾಗಿರಬೇಕು. ಬೇಸಿಗೆಯಲ್ಲಿ ಫ್ಯಾನಿನ ಕೆಳಗೆ ಕಂಬಿ ಅಷ್ಟರೊಳಗೇ ಒಣಗುತ್ತದೆ. ಫ್ಯಾನ್ ನಿಲ್ಲಿಸಿ, ಕಿಟಕಿ ತೆರೆದು, ಒಣಗಿದರೆ ಮತ್ತೆ ಒರೆಸಿ. ಮಳೆಗಾಲದ ತೊಂದರೆ ಬೇರೆ: ಬಟ್ಟೆಯೇ ಒಣಗುವುದಿಲ್ಲ, ತೇವದಲ್ಲಿ ರೋಗಾಣು ಬೆಳೆದು ಮರುದಿನ ಕೋಣೆಯಿಡೀ ಹರಡುತ್ತದೆ. ಕೋಣೆಗೊಂದು ಬಟ್ಟೆ, ಬಳಸಿ ಬಿಸಾಡುವ ಹಳೆಯದಾದರೆ ಉತ್ತಮ.

ಹತ್ತು ನಿಮಿಷದ ನಂತರ ಕಬ್ಬಿಣದ ಕಂಬಿಯನ್ನು ಬರೀ ನೀರಿನಲ್ಲಿ ಒರೆಸಿಬಿಡಿ, ಇಲ್ಲದಿದ್ದರೆ ತುಕ್ಕು ಹಿಡಿಯುತ್ತದೆ. ತುಕ್ಕಿನ ತರಿಯೊಳಗೆ ಸೇರಿದ ಕೊಳೆ ಬಟ್ಟೆಗೆ ಸಿಗುವುದಿಲ್ಲ.