ಹಬೆ ಎಂಜಿನ್ನಿನ ಚಿತ್ರ: ಚಕ್ರದಿಂದ ಆರಂಭಿಸುವ ಕ್ರಮ

ಹಬೆ ಎಂಜಿನ್ನಿನ ಚಿತ್ರ ಬರೆಯಲು ಕುಳಿತವರಲ್ಲಿ ಹೆಚ್ಚಿನವರು ಬಾಯ್ಲರನ್ನು ಮೊದಲು ಬರೆದು, ಅದರ ಮೇಲೆ ಚಿಮಣಿಯನ್ನು ಕೂರಿಸಿ, ಕೊನೆಯಲ್ಲಿ ಉಳಿದ ಜಾಗಕ್ಕೆ ಚಕ್ರಗಳನ್ನು ತುರುಕುತ್ತಾರೆ. ಹಲವು ದಶಕಗಳಿಂದ ಎಂಜಿನ್ನುಗಳನ್ನೇ ಬರೆಯುತ್ತಾ ಬಂದಿರುವ ನಾನೂ ಮೊದಮೊದಲು ಹೀಗೆಯೇ ಮಾಡುತ್ತಿದ್ದೆ. ನನ್ನ ಚಿತ್ರವೊಂದನ್ನು ಬಹಳ ಹೊತ್ತು ನೋಡಿದ ನಿವೃತ್ತ ಚಾಲಕರೊಬ್ಬರು, "ಚೆನ್ನಾಗಿದೆ ಸ್ವಾಮಿ, ಆದರೆ ಈ ಎಂಜಿನ್ನು ಒಂದು ಗೇಣೂ ಕದಲೋದಿಲ್ಲ" ಎಂದರು. ಮೂರು ಚಕ್ರಗಳ ಕ್ರ್ಯಾಂಕುಗಳನ್ನು, ಅಂದರೆ ಚಕ್ರವನ್ನು ತಿರುಗಿಸುವ ತೋಳುಗಳನ್ನು, ನಾನು ಮೂರು ದಿಕ್ಕಿಗೆ ತಿರುಗಿಸಿ ಬರೆದಿದ್ದೆ. ಅಂದಿನಿಂದ ಕೆಳಗಿನಿಂದ ಮೇಲಕ್ಕೆ ಬರೆಯುವುದನ್ನು ರೂಢಿ ಮಾಡಿಕೊಂಡೆ.

ಅಭ್ಯಾಸಕ್ಕೆ ಮೀಟರ್ ಗೇಜಿನ (ಹಳಿಗಳ ನಡುವೆ ಒಂದು ಮೀಟರ್ ಅಂತರದ) ವೈಪಿ ಎಂಬ ಮಾದರಿಯ ಎಂಜಿನ್ನನ್ನು ತೆಗೆದುಕೊಳ್ಳುವುದು ಒಳ್ಳೆಯದು. ಮುಂದೆ ನಾಲ್ಕು ಸಣ್ಣ ಚಕ್ರ, ನಡುವೆ ಆರು ದೊಡ್ಡ ಚಕ್ರ, ಹಿಂದೆ ಎರಡು ಚಕ್ರಗಳಿರುವ ಈ ಪ್ಯಾಸೆಂಜರ್ ಎಂಜಿನ್ನುಗಳು ಒಟ್ಟು 871 ತಯಾರಾದವು. ಅವುಗಳಲ್ಲಿ ಬಹುಪಾಲು ಜಮ್‌ಶೆಡ್‌ಪುರದ ಟೆಲ್ಕೋ ಕಾರ್ಖಾನೆಯಲ್ಲಿ ಹುಟ್ಟಿದವು. ಬಂದೂಕಿನ ಗುಂಡಿನಾಕಾರದ ಮೂತಿಯ ಮೇಲೆ ನಕ್ಷತ್ರವಿರುವ ಬ್ರಾಡ್ ಗೇಜಿನ ಡಬ್ಲ್ಯುಪಿ ಹೊಸಬರನ್ನು ಹೆಚ್ಚು ಸೆಳೆಯುತ್ತದೆ, ಆದರೆ ಆ ಮೂತಿಯ ಮೋಹದಲ್ಲಿ ಚಕ್ರಗಳ ಕಡೆ ಗಮನ ಹೋಗುವುದೇ ಇಲ್ಲ.

ಮೊದಲು ಪಕ್ಕನೋಟವನ್ನೇ ಬರೆಯಿರಿ. ಕಲ್ಲಿದ್ದಲು, ನೀರು ಹೊರುವ ಹಿಂದಿನ ಬಂಡಿಯಾದ ಟೆಂಡರ್ ಸೇರಿ ವೈಪಿಯ ಉದ್ದ ಸುಮಾರು 19 ಮೀಟರ್ ಆದ್ದರಿಂದ, ನಲವತ್ತಕ್ಕೆ ಒಂದರ ಅಳತೆಯಲ್ಲಿ ಅದು ಎ2 ಹಾಳೆಯೊಳಗೆ ಆರಾಮವಾಗಿ ಕೂರುತ್ತದೆ. ಹಳಿಯ ಗೆರೆಯನ್ನು ಎಳೆದು, ಅದರ ಮೇಲೆ ದೊಡ್ಡ ಚಕ್ರಗಳನ್ನು ಕೈವಾರದಿಂದ ಬರೆಯಿರಿ. ನಿಜವಾದ ಚಕ್ರದ ವ್ಯಾಸ 1372 ಮಿಲಿಮೀಟರ್. ಹಾಳೆಯ ಮೇಲೆ ಅದು 34 ಮಿಲಿಮೀಟರಿಗೆ ತುಸು ಹೆಚ್ಚು. ಉಳಿದ ಭಾಗಗಳ ಅಳತೆಗೆ ನಕ್ಷೆ ಸಿಗದಿದ್ದರೆ, ದೂರದಿಂದ ಟೆಲಿ ಲೆನ್ಸಿನಲ್ಲಿ ನೇರ ಪಕ್ಕಕ್ಕೆ ನಿಂತು ತೆಗೆದ ಛಾಯಾಚಿತ್ರದಲ್ಲಿ ಈ ಚಕ್ರವನ್ನೇ ಅಳತೆಗೋಲು ಮಾಡಿಕೊಳ್ಳಬಹುದು. ಹತ್ತಿರದಿಂದ ತೆಗೆದ ಚಿತ್ರವನ್ನು ನಂಬಬೇಡಿ, ಅದರಲ್ಲಿ ಎರಡೂ ತುದಿಗಳು ಕುಗ್ಗಿರುತ್ತವೆ. ಮೈಸೂರಿನಲ್ಲಿ 1979ರಲ್ಲಿ ಆರಂಭವಾದ ರೈಲು ವಸ್ತುಸಂಗ್ರಹಾಲಯದಲ್ಲಿ ಎಂಜಿನ್ನುಗಳು ಬಯಲಿನಲ್ಲೇ ನಿಂತಿರುವುದರಿಂದ, ರಾಡು, ರಿವೆಟ್ಟುಗಳನ್ನು ಹತ್ತಿರದಿಂದ ನೋಡಿ ತಿಳಿಯುವುದಕ್ಕೆ ಅಲ್ಲಿ ಕಳೆದ ಒಂದು ಬೆಳಗು ಸಾಕಾಗುತ್ತದೆ.

ಇನ್ನು ಕ್ರ್ಯಾಂಕ್. ವೈಪಿಯ ಪಿಸ್ಟನ್ 610 ಮಿಲಿಮೀಟರ್ ಹಿಂದೆ ಮುಂದೆ ಚಲಿಸುತ್ತದೆ, ಅಂದರೆ ಕ್ರ್ಯಾಂಕ್ ಪಿನ್ ಅಚ್ಚಿನ ನಡುವಿನಿಂದ ಅದರ ಅರ್ಧದಷ್ಟು, 305 ಮಿಲಿಮೀಟರ್ ದೂರದಲ್ಲಿರಬೇಕು. ನಮ್ಮ ಹಾಳೆಯಲ್ಲಿ ಅದು ಏಳೂವರೆ ಮಿಲಿಮೀಟರ್. ಒಂದೇ ಬದಿಯ ಮೂರೂ ಪಿನ್ನುಗಳು ಒಂದೇ ದಿಕ್ಕಿನಲ್ಲಿರಲೇಬೇಕು. ಎದುರು ಬದಿಯವು ಇವಕ್ಕಿಂತ ಕಾಲು ಸುತ್ತು ಮುಂದೆ ಅಥವಾ ಹಿಂದೆ ಇರುತ್ತವೆ. ಪಿನ್ನುಗಳು ಕೆಳಗಿರುವ ಭಂಗಿಯನ್ನು ನಾನು ಆರಿಸಿಕೊಳ್ಳುತ್ತೇನೆ, ಏಕೆಂದರೆ ಆಗ ಮೂರೂ ಪಿನ್ನುಗಳನ್ನು ಜೋಡಿಸುವ ಕಪ್ಲಿಂಗ್ ರಾಡ್ ತಗ್ಗಿನಲ್ಲಿ ನೆಟ್ಟಗೆ ಮಲಗಿ ಚಕ್ರದ ಅರೆಗಳು ತೆರೆದು ಕಾಣುತ್ತವೆ. ಈ ಭಂಗಿಯಲ್ಲಿ ಪಿಸ್ಟನ್ನಿನ ಕೋಲಿನ ತುದಿಯ ಜಾರುತುಂಡಾದ ಕ್ರಾಸ್‌ಹೆಡ್ ತನ್ನ ಓಡಾಟದ ನಡುವಿನಲ್ಲಿದೆ ಎಂದು ತೋರುತ್ತದೆಯಾದರೂ, ಅದನ್ನು ಚಕ್ರದ ಪಿನ್ನಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಓರೆಯಾಗಿರುವುದರಿಂದ ಅದು ಕೂದಲೆಳೆಯಷ್ಟು ಚಕ್ರದ ಕಡೆಗೆ ಸರಿದಿರುತ್ತದೆ. ಪಿನ್ನಿಗೆ ಎದುರಾಗಿ, ಚಕ್ರದ ಮೇಲಂಚಿನಲ್ಲಿ, ಬಿಲ್ಲಿನಾಕಾರದ ತೂಕದ ತುಂಡನ್ನು ತುಂಬಲು ಮರೆಯಬೇಡಿ. ಸಿಲಿಂಡರಿಗೆ ಹಬೆ ಬಿಡುವ ವಾಲ್‌ಶಾರ್ಟ್ ಕವಾಟದ ಸನ್ನೆಗಳಿಗೆ ಅವಸರ ಬೇಡ: ನಡುವಿನ ಚಕ್ರದ ಪಿನ್ನಿನಿಂದ ಹೊರಡುವ ಚಿಕ್ಕ ಕ್ರ್ಯಾಂಕ್ ಯಾವ ಸನ್ನೆಯನ್ನು ತಳ್ಳುತ್ತದೆ, ಅದು ವಕ್ರ ಕೊಂಡಿಯನ್ನು ಹೇಗೆ ತೂಗಿಸುತ್ತದೆ ಎಂಬುದನ್ನು ಬೆರಳಿಟ್ಟು ಅನುಸರಿಸಿ, ಅರ್ಥವಾದ ಮೇಲೆ ಗೆರೆ ಎಳೆಯಿರಿ.

ಚಕ್ರ ಸರಿಯಾದ ಮೇಲೆ ಬಾಯ್ಲರ್, ಕ್ಯಾಬ್, ಟೆಂಡರ್ ತಾವಾಗಿಯೇ ತಮ್ಮ ಜಾಗಕ್ಕೆ ಬರುತ್ತವೆ. ಎದುರಿನಿಂದ ಓರೆಯಾಗಿ ಬರೆಯುವಾಗ ಮಾತ್ರ ಒಂದು ನಿಯಮವನ್ನು ಬಿಡಬಾರದು: ಚಕ್ರದ ದೀರ್ಘವೃತ್ತದ ಕಿರಿಯ ಅಕ್ಷ ಅದರ ಅಚ್ಚಿನ ಗೆರೆಯ ಮೇಲೆಯೇ ಇರಬೇಕು, ಬಾಯ್ಲರಿನ ಪಟ್ಟಿಗಳಿಗೂ, ಬಾಯ್ಲರಿನ ನಡುಗೆರೆಯನ್ನು ಅಚ್ಚೆಂದು ಭಾವಿಸಿದರೆ, ಇದೇ ಲೆಕ್ಕ.

ಬಣ್ಣಕ್ಕೆ ಕುಪ್ಪಿಯ ಕಪ್ಪನ್ನು ಬಳಸಬೇಡಿ, ಅದು ಎಂಜಿನ್ನನ್ನು ಕಾಗದದಲ್ಲಿ ಕತ್ತರಿಸಿದ ನೆರಳಿನಂತೆ ಮಾಡುತ್ತದೆ. ಪ್ರಷ್ಯನ್ ನೀಲಿಗೆ ಸುಟ್ಟ ಅಂಬರ್ ಬೆರೆಸಿ ನಿಮ್ಮದೇ ಕಪ್ಪನ್ನು ಮಾಡಿಕೊಳ್ಳಿ. ಬಾಯ್ಲರಿನ ಮೇಲ್ಭಾಗ ಆಕಾಶವನ್ನೂ ಕೆಳಭಾಗ ಜಲ್ಲಿಯ ಕಂದು ಬಣ್ಣವನ್ನೂ ಹಿಡಿಯುತ್ತವೆ. ಒಳಗಿನ ಕಾವಿಗೆ ಬಣ್ಣ ಸುಟ್ಟುಹೋಗುವ, ಚಿಮಣಿಯ ಕೆಳಗಿನ ಸ್ಮೋಕ್‌ಬಾಕ್ಸಿಗೆ ಈ ಹೊಳಪು ಸಲ್ಲದು, ಅದನ್ನು ಮಂಕು ಬೂದಿಗಪ್ಪಾಗಿಯೇ ಬಿಡಿ.

ಹೊಗೆಯನ್ನು ಕೊನೆಯಲ್ಲಿ, ಲೆಕ್ಕವಿಟ್ಟು ಬರೆಯಿರಿ. ಎರಡು ಸಿಲಿಂಡರಿನ ಎಂಜಿನ್ನು ಚಕ್ರದ ಒಂದು ಸುತ್ತಿಗೆ ನಾಲ್ಕು ಬಾರಿ ಉಸಿರು ಬಿಡುತ್ತದೆ. ವೈಪಿಯ ಚಕ್ರದ ಸುತ್ತಳತೆ ಸುಮಾರು 4.3 ಮೀಟರ್ ಆದ್ದರಿಂದ, ಗಾಳಿಯಿಲ್ಲದ ಬೆಳಿಗ್ಗೆ ನಿಲ್ದಾಣದಿಂದ ಹೊರಡುವ ಎಂಜಿನ್ನಿನ ಹಿಂದೆ ಹೊಗೆಯ ಉಂಡೆಗಳು ಸುಮಾರು ಮೀಟರಿಗೊಂದರಂತೆ ಉಳಿದು, ಹಿಂದಕ್ಕೆ ಹೋದಷ್ಟೂ ಅರಳಿ ಒಂದರಲ್ಲೊಂದು ಕರಗುತ್ತವೆ. ಸುರಕ್ಷಾ ಕವಾಟದಿಂದ ಚಿಮ್ಮುವ ಹಬೆಯಾದರೋ ಬಾಯಿಯ ಬಳಿ ಕಣ್ಣಿಗೆ ಕಾಣುವುದೇ ಇಲ್ಲ. ಅಲ್ಲಿ ಕಾಗದವನ್ನು ಖಾಲಿ ಬಿಟ್ಟು, ಒಂದು ಬೆರಳಿನಷ್ಟು ಮೇಲಿನಿಂದ ಬಿಳುಪನ್ನು ಆರಂಭಿಸಿ.