ರಾಜಗಡದ ನಕ್ಷೆ ಖಾಲಿ ಕಂಡದ್ದು ಯಾಕೆ?

ಪುಣೆಯಲ್ಲಿ ನಾವು ಏಳೆಂಟು ಜನ ಕನ್ನಡದವರು ಭಾನುವಾರ ಬಂತೆಂದರೆ ಕೋಟೆ ಹತ್ತಲು ಹೊರಡುತ್ತೇವೆ. ಸಿಂಹಗಡ, ತೋರಣಾ, ರಾಜಗಡ. ಏರು ಎಲ್ಲಿ ಕಡಿದಾಗಿದೆ, ಎಲ್ಲಿ ಸಪಾಟಾಗಿದೆ ಎಂದು ಫೋನಿನಲ್ಲೇ ಕಾಣಬೇಕು ಎನ್ನುವುದು ನನ್ನ ಆಸೆ. ಹಾಗಾಗಿ ಬೆಟ್ಟದ ನೆರಳು ತೋರಿಸುವ ನಕ್ಷೆಯನ್ನು ನಾನೇ ಮಾಡಿ, ಸಣ್ಣ ಸರ್ವರ್ ಒಂದರಿಂದ ಹಂಚಿದೆ.

ಎತ್ತರದ ಮಾಹಿತಿಗೆ ಎಸ್‌ಆರ್‌ಟಿಎಂ ಬಳಸಿದೆ. 2000ದ ಫೆಬ್ರವರಿಯಲ್ಲಿ ನಾಸಾದ ಶಟಲ್ ರೇಡಾರ್‌ನಿಂದ ಅಳೆದದ್ದು. ಪುಣ್ಯಕ್ಕೆ ಪುಣೆಯೂ ಈ ಮೂರು ಕೋಟೆಗಳೂ ಒಂದೇ ಫೈಲಿನಲ್ಲಿ ಸಿಗುತ್ತವೆ. ಜಿಡಿಎಎಲ್ ಎಂಬ ನಕ್ಷೆ ತಂತ್ರಾಂಶದಿಂದ ನೆರಳು ಮೂಡಿಸಿ, 256 ಪಿಕ್ಸೆಲ್‌ನ ಚೌಕ ಟೈಲ್‌ಗಳಾಗಿ ಕತ್ತರಿಸಿದೆ.

ಕತ್ತರಿಸುವಾಗ ಝೂಮ್ 13ಕ್ಕೇ ನಿಲ್ಲಿಸಿದೆ (ಸಂಖ್ಯೆ ಹೆಚ್ಚಿದಷ್ಟೂ ನಕ್ಷೆ ಹತ್ತಿರ ಕಾಣುತ್ತದೆ). ಈ ಮಾಹಿತಿಯಲ್ಲಿ ಒಂದು ಬಿಂದು ಅಂದರೆ ಸುಮಾರು 30 ಮೀಟರ್. ನಮ್ಮ ಅಕ್ಷಾಂಶದಲ್ಲಿ ಝೂಮ್ 13ರ ಒಂದು ಪಿಕ್ಸೆಲ್ ಆಗಲೇ ಸುಮಾರು 18 ಮೀಟರ್. ಇನ್ನೂ ಒಳಗೆ ಹೋದರೆ ಹೊಸದೇನೂ ಕಾಣುವುದಿಲ್ಲ, ಚಿತ್ರ ಸುಮ್ನೆ ಹಿಗ್ಗುತ್ತದೆ. ಆದರೆ ಪ್ರತಿ ಹಂತಕ್ಕೂ ಟೈಲ್‌ಗಳು ನಾಲ್ಕು ಪಟ್ಟು. 13ರಲ್ಲಿ 600ರ ಆಸುಪಾಸು ಇರುವುದು 17ಕ್ಕೆ 1 ಲಕ್ಷ 40 ಸಾವಿರದ ಹತ್ತಿರ ಹೋಗುತ್ತದೆ. ಹಿಗ್ಗಿಸುವ ಕೆಲಸವನ್ನು ಫೋನಿನ ಬ್ರೌಸರ್‌ನಲ್ಲಿ ನಕ್ಷೆ ತೋರಿಸುವ ಲೀಫ್‌ಲೆಟ್ ಎಂಬ ಕೋಡ್‌ಗೇ ಬಿಟ್ಟೆ.

ಶನಿವಾರ ರಾತ್ರಿ ಎಲ್ಲರಿಗೂ ಲಿಂಕ್ ಕಳಿಸಿದೆ. ಧಾರವಾಡದ ಗೆಳೆಯನ ಫೋನ್ ಬಂತು: "ಅಣ್ಣಾ, ನಕಾಶೆ ಪೂರಾ ಖಾಲಿ ಐತಲ್ಲ?"

ಕಾರಣ ಸಿಕ್ಕಿತು. ನಾನು ಬಳಸಿದ ಜಿಡಿಎಎಲ್ ಉಪಕರಣ ತಾನಾಗಿ ವೈ ಸಂಖ್ಯೆಯನ್ನು, ಅಂದರೆ ಟೈಲ್ ಎಷ್ಟನೇ ಸಾಲಿನಲ್ಲಿದೆ ಎಂಬುದನ್ನು, ಕೆಳಗಿನಿಂದ ಎಣಿಸುತ್ತದೆ, ಲೀಫ್‌ಲೆಟ್ ಮೇಲಿನಿಂದ. ರಾಜಗಡದ ಟೈಲ್ ಝೂಮ್ 13ರಲ್ಲಿ ಮೇಲಿನಿಂದ 3673, ಕೆಳಗಿನಿಂದ 4518. ಎರಡನ್ನೂ ಕೂಡಿದರೆ 8191, ಅಂದರೆ ಆ ಝೂಮ್‌ನ ಕೊನೆಯ ಸಾಲಿನ ಸಂಖ್ಯೆ. ಲೀಫ್‌ಲೆಟ್ 3673 ಕೇಳಿದಾಗ ನನ್ನ ಫೋಲ್ಡರ್‌ನಲ್ಲಿ ಆ ಸಂಖ್ಯೆಯ ಜಾಗ ಸಮಭಾಜಕದ ಆಚೆ, ಹಿಂದೂ ಮಹಾಸಾಗರದ ನಡುವೆ! ಅಲ್ಲಿ ಟೈಲ್ ಎಲ್ಲಿರಬೇಕು? ಟೈಲ್ ಕೊಡುವ ಸರ್ವರ್ ಕೋಡ್‌ನಲ್ಲಿ, ಕೇಳಿದ ಸಂಖ್ಯೆಯನ್ನು 8191ರಿಂದ ಕಳೆದು ಸರಿಮಾಡುವ ಒಂದು ಸಾಲು ಸೇರಿಸಿದೆ. ನನ್ನ ಲ್ಯಾಪ್‌ಟಾಪಿನಲ್ಲಿ ಬೆಟ್ಟ ಎದ್ದು ನಿಂತವು.

ಗೆಳೆಯರ ಫೋನಿನಲ್ಲಿ ಮಾತ್ರ ಆಗಲೂ ಖಾಲಿ. ಅದು ಪೂರ್ತಿ ನನ್ನದೇ ತಪ್ಪು. ಬೆಟ್ಟ ಬದಲಾಗುವುದಿಲ್ಲ ಅಲ್ವಾ ಎಂದು ಕ್ಯಾಶ್ ಅವಧಿಯನ್ನು (ಫೋನು ಚಿತ್ರವನ್ನು ಮತ್ತೆ ಕೇಳದೆ ತನ್ನಲ್ಲೇ ಇಟ್ಟುಕೊಳ್ಳುವ ಕಾಲ) ಒಂದು ವರ್ಷ, ಅಂದರೆ 31536000 ಸೆಕೆಂಡ್ ಇಟ್ಟಿದ್ದೆ. ಅದರ ಜೊತೆಗೆ, ಟೈಲ್ ಇಲ್ಲದಿದ್ದರೆ 'ಇಲ್ಲ' ಎನ್ನುವ 404 ಉತ್ತರದ ಬದಲು ಪಾರದರ್ಶಕ ಚಿತ್ರ ಕಳಿಸುತ್ತಿದ್ದೆ. ಅದಕ್ಕೂ ಅದೇ ಒಂದು ವರ್ಷ. ಫೋನುಗಳು ಆ ಖಾಲಿ ಚಿತ್ರವನ್ನು ಜೋಪಾನವಾಗಿ ಇಟ್ಟುಕೊಂಡಿದ್ದವು, ಸರ್ವರ್‌ನ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ಬ್ರೌಸರ್‌ನಲ್ಲಿ ಕ್ಯಾಶ್ ಆಫ್ ಇದ್ದದ್ದರಿಂದ ನನಗೆ ಗೊತ್ತೇ ಆಗಲಿಲ್ಲ.

ಬೇರೆಯವರ ಫೋನಿಗೆ ಕೈಹಾಕಿ ಕ್ಯಾಶ್ ಅಳಿಸಲು ಆಗದು. ವಿಳಾಸವನ್ನೇ ಬದಲಿಸಿದೆ: ದಾರಿಯಲ್ಲಿ ವಿ1 ಇದ್ದದ್ದು ವಿ2 ಆಯಿತು. ಹೊಸ ವಿಳಾಸ ಅಂದರೆ ಫೋನಿಗೆ ಹೊಸ ಚಿತ್ರ. ಒಂದು ವರ್ಷದ ಅವಧಿಯನ್ನು ಹಾಗೇ ಉಳಿಸಿದೆ, ಅದು ಸರಿಯಾಗಿಯೇ ಇತ್ತು. ಟೈಲ್ ಇಲ್ಲದ ಕಡೆ ಈಗ ನಿಜವಾದ 404, ಅದರ ಕ್ಯಾಶ್ ಅವಧಿ ಐದೇ ನಿಮಿಷ. ಸರ್ವರ್‌ನಲ್ಲಿ ಬೇರೆ ಕ್ಯಾಶ್ ಇಡಲಿಲ್ಲ. ಟೈಲ್‌ಗಳು ಡಿಸ್ಕಿನಲ್ಲಿ ತಯಾರಾಗಿಯೇ ಇವೆ, ಉಳಿಸಬೇಕಾದದ್ದು ಗೆಳೆಯರ ಮೊಬೈಲ್ ಡೇಟಾ.

ಬ್ರೌಸರ್ ಜಾಗ ಸಾಲದೆ ಹಳೆಯದನ್ನು ಕಿತ್ತುಹಾಕಬಹುದು. ಅದಕ್ಕೆ ಸರ್ವಿಸ್ ವರ್ಕರ್ (ನೆಟ್ ಇಲ್ಲದಾಗಲೂ ಉಳಿಸಿಟ್ಟದ್ದನ್ನು ಬ್ರೌಸರ್‌ಗೆ ಕೊಡುವ ಕೋಡ್) ಬರೆದು, ಮನೆಯ ವೈಫೈನಲ್ಲೇ ಕೋಟೆಯ ಸುತ್ತಲಿನ ಟೈಲ್‌ಗಳನ್ನು ಇಳಿಸಿಟ್ಟೆವು. ರಾಜಗಡದ ಬುಡದ ಹಳ್ಳಿ ಗುಂಜವಣೆ ಬಿಟ್ಟು ಮೇಲೇರಿದಾಗ ನಮ್ಮ ಯಾರ ಫೋನಿಗೂ ಸಿಗ್ನಲ್ ಇರಲಿಲ್ಲ. ಕೋಟೆಯ ಒಂದು ಚಾಚಾದ ಸುವೇಳಾ ಮಾಚಿಯ ಏಣು ತೆರೆಯ ಮೇಲೆ ಸ್ಪಷ್ಟವಾಗಿ ಮೂಡಿತು.