ಪರಿಸರ ವಿಜ್ಞಾನ ಗೊತ್ತಿದೆಯಾ? ಪುಸ್ತಕ ಮುಚ್ಚಿ ನೋಡಿ

ಪರಿಸರ ವಿಜ್ಞಾನ ಅಂದರೆ ಸುಲಭದ ಅಂಕ ಅಂತ ಎಲ್ಲರ ಲೆಕ್ಕಾಚಾರ. ಪದವಿ ಓದುವವರು, ಕೆಎಎಸ್‌ಗೆ ತಯಾರಾಗುವವರು ಪರೀಕ್ಷೆ ಹತ್ತಿರ ಬಂದಾಗ ಗೈಡ್ ಹಿಡಿದು ಉರು ಹೊಡೆಯುತ್ತಾರೆ. ವ್ಯಾಖ್ಯೆ ಕೇಳಿದರೆ ಪಟಪಟ ಹೇಳುತ್ತಾರೆ. ಅದನ್ನೇ ಸ್ವಲ್ಪ ತಿರುಗಿಸಿ ಕೇಳಿದರೆ ಮುಗೀತು. ಕಾರವಾರದಲ್ಲೂ ಇದೇ, ಶಿರಸಿಯಲ್ಲೂ ಇದೇ.

ಮೊದಲು ಪಟ್ಟಿ ಮಾಡಿ: ಶಕ್ತಿಯ ಹರಿವು, ಪೋಷಕಾಂಶಗಳ ಚಕ್ರ, ಹಸಿರುಮನೆ ಪರಿಣಾಮ, ಓಝೋನ್, ನೀರಿನ ಮಾಲಿನ್ಯ, ಜೀವವೈವಿಧ್ಯ. ಶುರುವಿಗೆ ಇಷ್ಟು ಸಾಕು. ಕಾಯ್ದೆ, ಇಸವಿ ಎಲ್ಲ ಆಮೇಲೆ.

ಎರಡನೆಯದು, ಓದುವುದಕ್ಕೂ ಮೊದಲೇ ಬರೆಯಿರಿ. ವಿಷಯಕ್ಕೊಂದು ಖಾಲಿ ಹಾಳೆ, ಪುಸ್ತಕ ಮುಚ್ಚಿರಬೇಕು. ಪ್ರತಿ ಸಾಲಿನ ಪಕ್ಕ ಖಾತ್ರಿ ಇದ್ದರೆ ‘ಖ’, ಅನುಮಾನ ಇದ್ದರೆ ‘ಅ’ ಅಂತ ಗುರುತು ಹಾಕಿ. ಮೊಬೈಲ್ ಕ್ವಿಜ್ ಈಗಲೇ ಬೇಡ. ನಾಲ್ಕು ಉತ್ತರ ಕಣ್ಣೆದುರಿಗಿದ್ದರೆ ಸರಿಯಾದದ್ದು ಹೇಗೋ ಹೊಳೆದುಬಿಡುತ್ತದೆ, ನಮಗೆ ಗೊತ್ತಿತ್ತು ಅಂತ ಭ್ರಮೆ ಬರುತ್ತದೆ. ಕೆಲವು ಆ್ಯಪ್‌ಗಳಲ್ಲಿ ಕೀ ಉತ್ತರವೇ ತಪ್ಪಿರುತ್ತದೆ, ಅದು ಬೇರೆ.

ಇನ್ನು ತಿದ್ದುವುದು. ಜನ ಎಡವುವುದು ಇಲ್ಲೇ. ‘ಅ’ ಹಾಕಿದ ಸಾಲು ತಪ್ಪಾದರೆ ಚಿಂತೆ ಇಲ್ಲ, ಓದಿದರೆ ಸರಿಹೋಗುತ್ತದೆ. ‘ಖ’ ಹಾಕಿಯೂ ತಪ್ಪಾಗಿದೆಯಲ್ಲ, ಆ ಸಾಲನ್ನು ಬಿಡಬೇಡಿ. ಜಾಸ್ತಿ ಜನ ಬರೆಯುವ ಸಾಲು ಒಂದಿದೆ: ‘ಓಝೋನ್ ಪದರ ತೂತಾಗಿ ಬಿಸಿಲು ಒಳಗೆ ಬರುವುದರಿಂದ ಭೂಮಿ ಬಿಸಿಯಾಗುತ್ತಿದೆ.’ ಓದಲು ಎಷ್ಟು ಸರಿ ಅನ್ನಿಸುತ್ತದೆ ಅಲ್ವಾ? ಆದರೆ ಓಝೋನ್ ತಡೆಯುವುದು ನೇರಳಾತೀತ ಕಿರಣವನ್ನು. ಭೂಮಿ ಬಿಸಿಯಾಗುತ್ತಿರುವುದು ನೆಲದಿಂದ ಹೊರಹೋಗಬೇಕಾದ ಶಾಖವನ್ನು ಇಂಗಾಲದ ಡೈಆಕ್ಸೈಡ್, ಮೀಥೇನ್‌ನಂಥ ಅನಿಲಗಳು ಹೀರಿಕೊಂಡು ಅರ್ಧಂಬರ್ಧ ವಾಪಸ್ ಕಳಿಸುವುದರಿಂದ. 1987ರ ಮಾಂಟ್ರಿಯಲ್ ಒಪ್ಪಂದ ಕಡಿವಾಣ ಹಾಕಿದ ಸಿಎಫ್‌ಸಿ (ಹಳೇ ಫ್ರಿಜ್, ಎಸಿಗಳಲ್ಲಿ ಬಳಸುತ್ತಿದ್ದ ಅನಿಲ) ಓಝೋನನ್ನೂ ತಿನ್ನುತ್ತದೆ, ಶಾಖವನ್ನೂ ಹಿಡಿಯುತ್ತದೆ. ಗೊಂದಲಕ್ಕೆ ಅದೂ ಒಂದು ಕಾರಣ.

ಇಂಥ ಕಡೆ ಸರಿಯುತ್ತರವನ್ನು ಸುಮ್ನೆ ನಕಲು ಮಾಡಿದರೆ ಹದಿನೈದು ದಿನಕ್ಕೆ ಹಳೇ ತಪ್ಪೇ ಮತ್ತೆ ಕಾಗದಕ್ಕೆ ಇಳಿಯುತ್ತದೆ. ‘ನಾನು ಹಾಗೆ ಯಾಕೆ ಅಂದುಕೊಂಡಿದ್ದೆ’ ಅಂತ ಕೆಳಗೆ ಒಂದು ಸಾಲು ಬರೆಯಿರಿ. ಬಿ.ಒ.ಡಿ (ಬಯೋಕೆಮಿಕಲ್ ಆಕ್ಸಿಜನ್ ಡಿಮ್ಯಾಂಡ್) ವಿಷಯವೂ ಹೀಗೇ. ಹೆಸರಲ್ಲಿ ಆಮ್ಲಜನಕ ಇದೆ, ಹಾಗಾಗಿ ಜಾಸ್ತಿ ಇದ್ದರೆ ನೀರು ಒಳ್ಳೆಯದು ಅಂತ ತಲೆ ತಾನೇ ತೀರ್ಮಾನಿಸುತ್ತದೆ. ಅದು ಸೂಕ್ಷ್ಮಜೀವಿಗಳು ಕೊಳೆಯನ್ನು ತಿನ್ನಲು ಬಳಸುವ ಆಮ್ಲಜನಕದ ಲೆಕ್ಕ, 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 5 ದಿನ ಇಟ್ಟು ಅಳೆಯುತ್ತಾರೆ. ಮೀನು ತೊಳೆದ ನೀರು ನಿಂತ ಗುಂಡಿಯಲ್ಲಿ ಬಿ.ಒ.ಡಿ ಏರುತ್ತದೆ, ಕರಗಿದ ಆಮ್ಲಜನಕ ಇಳಿಯುತ್ತದೆ.

ಆಮೇಲೆ ನೀವೇ ಪ್ರಶ್ನೆ ಮಾಡಿ. ‘ಅಂದರೇನು’ ಅಂತ ಕೇಳಬೇಡಿ, ‘ಏರುತ್ತಾ, ಇಳಿಯುತ್ತಾ, ಯಾಕೆ’ ಅಂತ ಕೇಳಿ. ಕೈಗಾ ಅಣುವಿದ್ಯುತ್ ಸ್ಥಾವರ ತಂಪಾಗಿಸಲು ಕದ್ರಾ ಜಲಾಶಯದ ನೀರು ಬಳಸುತ್ತದೆ. ನೀರು ಬಿಸಿಯಾದರೆ ಅದರಲ್ಲಿ ಕರಗಿದ ಆಮ್ಲಜನಕ ಏನಾಗುತ್ತದೆ? (ಇಳಿಯುತ್ತದೆ.) ತಾರ್ಲೆ (ಬೂತಾಯಿ) ಮೀನು ಬುಟ್ಟಿಗಟ್ಟಲೆ ಬರುವಾಗ ದೊಡ್ಡ ಮೀನು ಇಸ್ವಾಣ ಯಾಕೆ ಅಷ್ಟು ಸಿಗುವುದಿಲ್ಲ? ಪ್ಲವಕ ಸಸ್ಯಗಳಲ್ಲಿ (ನೀರಲ್ಲಿ ತೇಲುವ ಸೂಕ್ಷ್ಮ ಸಸ್ಯಗಳು) 10,000 ಪಾಲು ಶಕ್ತಿ ಇದ್ದರೆ, ಅವನ್ನು ತಿನ್ನುವ ಪ್ಲವಕ ಪ್ರಾಣಿಗಳಿಗೆ ಸುಮಾರು 1,000, ತಾರ್ಲೆಗೆ 100, ಅದನ್ನು ತಿನ್ನುವ ಇಸ್ವಾಣಕ್ಕೆ 10. ಒಂದು ಹಂತದಿಂದ ಮುಂದಿನದಕ್ಕೆ ದಾಟುವುದು ಶೇ 10 ಅನ್ನುವುದು ಒಂದು ಅಂದಾಜು, ಎಲ್ಲ ಕಡೆ ಹೀಗೇ ಇರುವುದಿಲ್ಲ.

ನನಗೆ ತುಂಬಾ ಇಷ್ಟವಾದ ಪ್ರಶ್ನೆ ಶಿರಸಿ ಕಡೆಯದು. ಬೆಟ್ಟದ ಸೊಪ್ಪು ಕೊಟ್ಟಿಗೆಗೆ, ಅಲ್ಲಿಂದ ಗೊಬ್ಬರಗುಂಡಿಗೆ, ಅಲ್ಲಿಂದ ಅಡಿಕೆ ತೋಟಕ್ಕೆ. ಇಲ್ಲಿ ಮರಳಿ ಬಳಕೆಯಾಗುತ್ತಿರುವುದು ಏನು? ಸಾರಜನಕ, ರಂಜಕ, ಪೊಟ್ಯಾಷಿಯಂ. ‘ಶಕ್ತಿ’ ಅಂತ ಬರೆದವರು ಚಳಿಗಾಲದ ಬೆಳಿಗ್ಗೆ ಗೊಬ್ಬರಗುಂಡಿ ಕೆದಕಿ ನೋಡಲಿ. ಹಬೆ ಏಳುತ್ತದೆ, ಕೈ ಇಟ್ಟರೆ ಬಿಸಿ ತಾಗುತ್ತದೆ. ಸೊಪ್ಪಿನಲ್ಲಿದ್ದ ಶಕ್ತಿ ಹಾಗೆ ಹೊರಟುಹೋಗುತ್ತಿದೆ, ಅಡಿಕೆ ಮರಕ್ಕೆ ಅದು ಮತ್ತೆ ಸಿಗುವುದಿಲ್ಲ. ಮರ ಹೊಸ ಶಕ್ತಿಗೆ ಬಿಸಿಲನ್ನೇ ನೆಚ್ಚಬೇಕು.

ಪ್ರಯೋಗ ಮಾಡುತ್ತೇವೆ ಅಂತ ಆನ್‌ಲೈನ್‌ನಲ್ಲಿ ಟಿಡಿಎಸ್ ಮೀಟರ್ ತರಿಸಿ ಬಾವಿಗೆ ಅದ್ದುವವರಿದ್ದಾರೆ. ದುಡ್ಡು ದಂಡ. ಅದು ನೀರಿನಲ್ಲಿ ಕರಗಿದ ಲವಣಗಳ ಅಂದಾಜು ಕೊಡುತ್ತದೆ, ಅಷ್ಟೇ. ಬೇಸಿಗೆಯಲ್ಲಿ ಉಪ್ಪಾಗುವ ಕರಾವಳಿ ಬಾವಿಯಲ್ಲಿ ಅಂಕಿ ಜಾಸ್ತಿ ಬರುತ್ತದೆ, ಶೌಚಗುಂಡಿಯ ಸೂಕ್ಷ್ಮಜೀವಿ ಸೇರಿದ ಬಾವಿಯಲ್ಲಿ ಕಡಿಮೆಯೂ ಬರಬಹುದು.

ಮಾರನೇ ದಿನ, ವಾರ ಬಿಟ್ಟು, ತಿಂಗಳು ಬಿಟ್ಟು ಅದೇ ಪ್ರಶ್ನೆಗಳನ್ನು ಮತ್ತೆ ಬರೆಯಿರಿ. ನಡುವೆ ಒಮ್ಮೆ ಕುಮಟಾದ ಅಘನಾಶಿನಿ ಅಳಿವೆಗೆ ಹೋಗಿ, 2024ರಲ್ಲಿ ರಾಮ್‌ಸರ್ ಪಟ್ಟಿಗೆ (ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿ) ಸೇರಿದ ಜಾಗ. ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನಲ್ಲಿ ಕೆಲವು ಗಿಡಗಳ ಬೇರು ಕೆಸರಿನಿಂದ ಪೆನ್ಸಿಲ್‌ನಂತೆ ಮೇಲೆದ್ದಿರುತ್ತವೆ. ಯಾಕೆ ಅಂತ ಅಲ್ಲೇ ನಿಂತು ಉತ್ತರಿಸಿ; ಕೆಸರಿನಲ್ಲಿ ಆಮ್ಲಜನಕ ಎಷ್ಟಿರುತ್ತದೆ ಅನ್ನುವುದೇ ಸುಳಿವು. ಆದರೆ ಇಳಿತದ ಹೊತ್ತು ಕೇಳಿಕೊಂಡು ಹೊರಡಿ. ಅದು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ನಿನ್ನೆಯ ಟೈಮ್ ನಂಬಿ ಹೋದರೆ ಬೇರುಗಳೆಲ್ಲ ನೀರಿನಡಿ ಇರುತ್ತವೆ.